ವಿಮಾನದ ತಗಡಿನ ಪೆಟ್ಟಿಗೆ

ಮೊನ್ನೆ ಅಟ್ಟದಿಂದ ಇಳಿಸಿದ ಹಳೇ ಪೆಟ್ಟಿಗೆಯನ್ನು ಬಚ್ಚಲಲ್ಲಿ ಇಟ್ಟುಕೊಂಡು ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಅಲ್ಯೂಮಿನಿಯಂ ಪೆಟ್ಟಿಗೆ, ಮೈತುಂಬ ರಿವೆಟ್ಟಿನ ಗುರುತು. ಹಸಿರು ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಒದ್ದೆ ಲೋಹದ ಆ ವಾಸನೆಗೆ ಮಂಡಿ ಮೊಹಲ್ಲಾದ ಗುಜರಿ ಅಂಗಡಿ ಯಜಮಾನರು ಕಣ್ಣೆದುರು ಬಂದು ನಿಂತುಬಿಟ್ಟರು...

ಸ್ವಾತಂತ್ರ್ಯ ಬಂದ ಹೊಸದು. ಯುದ್ಧದಲ್ಲಿ ಬಿದ್ದ ವಿಮಾನಗಳನ್ನು ಹರಾಜಿನಲ್ಲಿ ಕೊಂಡವರು ತುಂಡು ಮಾಡಿ ಊರೂರಿಗೆ ಮಾರುತ್ತಿದ್ದರು. ಯಜಮಾನರು ಆ ತುಂಡುಗಳನ್ನು ಗೂಡ್ಸ್ ರೈಲಿನಲ್ಲಿ ತರಿಸಿ, ಕರಗಿಸಿ, ಪಾತ್ರೆ ಮಾಡುವವರಿಗೆ ಕೊಡುತ್ತಿದ್ದರು. ನಾವೆಲ್ಲ ವಿಮಾನದಲ್ಲೇ ಅನ್ನ ಬೇಯಿಸುತ್ತಿದ್ದೆವು ಅನ್ನಿ.

ನಮ್ಮಣ್ಣ ವಿಮಾನದಳ ಸೇರಿ ಬರ್ಮಾ ಕಡೆ ಹೋದವನು ಬರಲಿಲ್ಲ. ಸತ್ತ ಅಂತಲೂ ತಂತಿ ಬರಲಿಲ್ಲ, ವಿಮಾನದ ಸಮೇತ ಕಾಣೆಯಾಗಿದ್ದಾನೆ ಅಂತ ಬಂತು. ಅವನು ಕಳಿಸಿದ್ದ ಫೋಟೋದಲ್ಲಿ ವಿಮಾನದ ಬಾಲದ ಮೇಲೆ ನಂಬರು ಕಾಣುತ್ತಿತ್ತು. ಅದನ್ನು ನನ್ನ ಕೈಲಿ ಚೀಟಿಯಲ್ಲಿ ಬರೆಸಿಕೊಂಡು, ಹೊಸ ಮಾಲು ಬಂದಾಗಲೆಲ್ಲ ಅಮ್ಮ ಲಕ್ಷ್ಮೀಪುರಂನ ನಮ್ಮ ಮನೆಯಿಂದ ಅವರ ಅಂಗಡಿಗೆ ನಡೆದೇ ಹೋಗುತ್ತಿದ್ದಳು. ಆ ವಿಮಾನ ಗುಜರಿಗೆ ಬಂದಿಲ್ಲ ಅಂದರೆ ಅದು ಬಿದ್ದಿಲ್ಲ, ಮಗ ಎಲ್ಲೋ ಬದುಕಿದ್ದಾನೆ ಅಂತ ಅವಳ ನಂಬಿಕೆ. ಯಜಮಾನರು ಚೀಟಿ ಹಿಡಿದು ರಾಶಿ ಸುತ್ತಿ ಬಂದು, "ಇದ್ರಲ್ಲಿಲ್ಲ ಕಣವ್ವ" ಅನ್ನುವರು. ಅವತ್ತೊಂದು ದಿನ ಅಮ್ಮ ಹೊಟ್ಟೆ ತುಂಬ ಊಟ ಮಾಡುವಳು.

ಒಂದು ಸಲ ಅಮ್ಮನಿಗೆ ಜ್ವರ ಬಂದು ನನ್ನನ್ನೇ ಕಳಿಸಿದಳು. ಯಜಮಾನರು ಕೈ ತೊಳೆದು, ಹೆಗಲ ಟವೆಲ್ಲಿಗೆ ಒರೆಸಿಕೊಂಡು, ಚೀಟಿಯನ್ನು ಎರಡೂ ಕೈಯಲ್ಲಿ ಇಸಕೊಂಡರು. ರಾಶಿಯ ಮುಂದೆ ನಿಂತು ಅದನ್ನೇ ದಿಟ್ಟಿಸಿದರು. ನಾನು ಬಗ್ಗಿ ನೋಡಿದೆ. ಚೀಟಿ ತಲೆಕೆಳಗಾಗಿತ್ತು.

ಮೊದಲೇ ನನ್ನ ಬಾಯಿ ಜೋರು. ಇಷ್ಟು ದಿನ ನಮ್ಮಮ್ಮನಿಗೆ ಸುಳ್ಳು ಹೇಳಿದಿರಾ ಅಂತ ಕೇಳಿಯೇಬಿಟ್ಟೆ. ಅವರು ತಕ್ಕಡಿ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ತೂಕದ ಕಲ್ಲು ಗುರುತು ಸಿಗುತ್ತದೆ, ಇಂಗ್ಲಿಷು ಮಾತ್ರ ಒಂದಂಕಿ, ಒಂದಕ್ಷರ ಬರುವುದಿಲ್ಲ ಅಂದರು. ಮೊದಲ ದಿನವೇ ಹೇಳಬೇಕು ಅಂತಿದ್ದರಂತೆ, ಅಮ್ಮನ ಮುಖ ನೋಡಿ ಬಾಯಿ ಬರಲಿಲ್ಲವಂತೆ.

"ನೀನು ಓದ್ದೋಳು. ಬೇಕಾದ್ರೆ ಈಗ್ಲೇ ನೋಡ್ಬುಡವ್ವ. ನಾಳೆ ಎಲ್ಲಾ ಕುಲುಮೆಗೆ ಹೋಯ್ತದೆ."

ತಗಡುಗಳು ಬೋರಲಾಗಿ ಬಿದ್ದಿದ್ದವು, ತಿರುಗಿಸಿದ್ದರೆ ಮುಗಿಯುತ್ತಿತ್ತು. ನನ್ನ ಕೈಲಿ ಆಗಲಿಲ್ಲ ಕಣ್ರೀ... ಚೀಟಿ ಇಸಕೊಂಡು ಮನೆಗೆ ಬಂದೆ. ಅಮ್ಮ ಕಂಬಳಿಯೊಳಗಿಂದಲೇ ಏನಂದರು ಅಂತ ಕೇಳಿದಳು. ಇದರಲ್ಲೂ ಇಲ್ಲವಂತೆ ಅಂದೆ. ಎದ್ದು ಕೂತು ಗಂಜಿ ಕೇಳಿದಳು.

ಆಮೇಲೂ ಅಮ್ಮ ಹೋಗುತ್ತಲೇ ಇದ್ದಳು. ನಾನು ಚೀಟಿ ಬರೆದುಕೊಡುತ್ತಿದ್ದೆ, ಯಜಮಾನರು ಇಲ್ಲ ಅನ್ನುತ್ತಿದ್ದರು. ನನ್ನ ಮದುವೆಗೆ, ಕರಗಿಸದೆ ಉಳಿಸಿದ್ದ ತಗಡಿನಲ್ಲಿ ಈ ಪೆಟ್ಟಿಗೆ ಮಾಡಿಸಿ, ಹಸಿರು ಬಣ್ಣ ಬಳಿಸಿ ತಂದರು. ಅಮ್ಮ ತೀರಿಕೊಂಡಾಗ ಬಂದು ಗೇಟಿನ ಹತ್ತಿರವೇ ನಿಂತು ಅತ್ತರು. ಈಗ ಅವರೂ ಇಲ್ಲ, ಆ ಅಂಗಡಿಯೂ ಇಲ್ಲ.

ಮುಚ್ಚಳದ ಬಣ್ಣ ಎದ್ದಾಗ ಕೆಳಗೆ ಕಪ್ಪಗೆ ಎರಡು ಅಂಕಿ ಕಂಡವು. ಮಿಕ್ಕದ್ದು ಕತ್ತರಿಗೆ ಹೋಗಿತ್ತು. ಪಾಪ, ಬಣ್ಣ ಬಳಿಸಿದವರಿಗೆ ಅದು ಬರೀ ಗೀರು. ಅಣ್ಣನ ನಂಬರು ನನಗೆ ಇವತ್ತಿಗೂ ಬಾಯಿಪಾಠ. ಅದರ ಕೊನೆಯಲ್ಲೂ ಅವೇ ಎರಡು ಅಂಕಿ.

ನಲ್ಲಿ ನಿಲ್ಲಿಸಿದೆ. ಈ ವಯಸ್ಸಿನಲ್ಲೂ ಅಳು ತಡೆಯಲಿಲ್ಲ. ಆಮೇಲೆ ಮುಚ್ಚಳವನ್ನು ಬೋರಲಾಗಿಟ್ಟು, ಅಮ್ಮನಿಗೆ ಕೇಳಿಸಲಿ ಅಂತ ಸ್ವಲ್ಪ ಜೋರಾಗಿಯೇ ಅಂದೆ, "ಇದ್ರಲ್ಲಿಲ್ಲ ಕಣವ್ವ."