ನಿಂಬೆವ್ವನ ಮನೆಗೆ ಗಿರದಾವರ ಬಂದದ್ದು

ನಿಂಬರ್ಗಾದ ಹೊಲಗಳಲ್ಲಿ ತೊಗರಿಯ ಕಸ ತೆಗೆಯುವ ಹೆಣ್ಣಾಳುಗಳಿಗೆ ನಿಂಬೆವ್ವನೇ ಮುಂದಾಳು ಎಂದು ಯಾರೂ ನೇಮಿಸಿರಲಿಲ್ಲ. ಆದರೂ ಬೆಳಿಗ್ಗೆ ಅವಳು ಕುರ್ಪಿ ಹಿಡಿದು ಓಣಿಗೆ ಇಳಿದಳೆಂದರೆ ಮನೆಮನೆಯಿಂದ ಹೆಂಗಸರು ಸೆರಗು ಸಿಕ್ಕಿಸಿಕೊಳ್ಳುತ್ತ ಅವಳ ಬೆನ್ನು ಹಿಡಿಯುತ್ತಿದ್ದರು. ಎತ್ತರದ ಆಳು, ದೊಡ್ಡ ದನಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮಗಳು ಶಿವಕಾಂತಾ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಗಂಡ ಧರ್ಮಣ್ಣ ಹಾವು ಕಚ್ಚಿ ತೀರಿಕೊಂಡಿದ್ದ. ಅಂದಿನಿಂದ ಕೂಲಿಯನ್ನೇ ನಂಬಿ ಮಗಳನ್ನು ಬೆಳೆಸಿ, ಅಫಜಲಪುರದ ಕಡೆ ಹೊಳೆದಂಡೆಯ ಒಂದು ಊರಿಗೆ ಮದುವೆ ಮಾಡಿ ಕೊಟ್ಟಿದ್ದಳು. ಈಗ ಮನೆಯಲ್ಲಿ ಅವಳೊಬ್ಬಳು, ಒಂದು ಆಡು.

ಮನೆಯೆಂದರೆ ಒಂದೇ ಅಂಕಣದ ಮಣ್ಣಿನ ಮಾಳಿಗೆ. ಅಷ್ಟು ಸಣ್ಣ ಮನೆಯಲ್ಲಿ ಅಷ್ಟು ಜನ ಉಂಡು ಹೋದದ್ದನ್ನು ನೆನೆದರೆ ಊರವರಿಗೇ ಆಶ್ಚರ್ಯವಾಗುತ್ತಿತ್ತು. ಬಳೆ ಮಾರುವವರು, ಮಲೇರಿಯಾದ ಔಷಧ ಹೊಡೆಯಲು ಬಂದವರು, ಜನಗಣತಿಯ ಮಾಸ್ತರರು, ದಾರಿ ತಪ್ಪಿ ಬಂದ ಬಾಸಿಂಗ ಮಾರುವವನು, ಯಾರು ಹೊಸ್ತಿಲ ಮುಂದೆ ನಿಂತರೂ ಅವಳು ಒಲೆಯ ಮುಂದೆ ಕೂತು ರೊಟ್ಟಿ ತಟ್ಟಲು ಶುರು ಮಾಡುತ್ತಿದ್ದಳು. ಜನಗಣತಿಯ ಮಾಸ್ತರರು ಅವಸರದಲ್ಲಿದ್ದರಂತೆ. ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದ್ದಕ್ಕೆ, ಉಂಡ ಮೇಲೆ ಹೇಳುತ್ತೇನೆ ಎಂದು ಅವರನ್ನು ಕೂರಿಸಿಬಿಟ್ಟಿದ್ದಳು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ, ಒಂದು ಮಳೆಗಾಲದಲ್ಲಿ, ಅವಳ ಹೊಟ್ಟೆ ಉಬ್ಬತೊಡಗಿತು. ಮೊದಲು ವಾಯು ಎಂದುಕೊಂಡಳು. ಓಮು ಕುಟ್ಟಿ ನುಂಗಿದಳು. ಹೊಟ್ಟೆ ಇಳಿಯಲಿಲ್ಲ. ಹೊಲದಲ್ಲಿ ಹೆಂಗಸರು ಕದ್ದು ನೋಡುವುದು ಅವಳಿಗೆ ತಿಳಿಯಿತು. ಅವರು ಬಾಯಿ ಬಿಡುವ ಮೊದಲೇ, ಬಾಣಂತನಕ್ಕೆ ಮಗಳ ಮನೆಗೆ ಹೋಗಬೇಕೋ ಮಗಳನ್ನೇ ಇಲ್ಲಿಗೆ ಕರೆಸಬೇಕೋ ಎಂದು ತಾನೇ ಕೇಳಿ ಎಲ್ಲರನ್ನೂ ನಗಿಸಿದಳು. ನಗದವಳು ಹುಸೇನಬೀ ಒಬ್ಬಳೇ. ಅವಳದು ಗೋಡೆಗೆ ಗೋಡೆ ತಾಗಿದ ಮನೆ. ನಿಂಬೆವ್ವ ಬೆಳಗಿನ ಜಾವ ಬಟ್ಟೆಗಳನ್ನು ಕದ್ದು ಒಗೆಯುವುದು, ಒಗೆದ ನೀರು ಕೆಂಪಗಿರುವುದು ಅವಳ ಕಣ್ಣಿಗೆ ಬಿದ್ದಿತ್ತು.

ಒಂದು ದಿನ ತೊಗರಿ ಸಾಲಿನ ನಡುವೆಯೇ ನಿಂಬೆವ್ವ ಕುಸಿದು ಕೂತಳು. ಮರುದಿನ ಹುಸೇನಬೀ ಅವಳನ್ನು ಹಿಡಿದೆಳೆದುಕೊಂಡು ಆಳಂದದ ದವಾಖಾನೆಗೆ ಹೋದಳು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಒಳಗೆ ಗಡ್ಡೆ ಬೆಳೆದಿದೆ, ಕಲಬುರ್ಗಿಯ ದೊಡ್ಡ ದವಾಖಾನೆಯಲ್ಲಿ ತೆಗೆಸಬೇಕು, ತಡಮಾಡಬಾರದು ಎಂದರು. ಖರ್ಚಿನ ಮಾತು ಬಂದಾಗ ಅವರೇ ದಾರಿಯನ್ನೂ ಹೇಳಿದರು: ಕಡಿಮೆ ಆದಾಯದವರು ಎಂದು ತಹಶೀಲ ಕಚೇರಿಯಿಂದ ಸರ್ಟಿಫಿಕೇಟು ತಂದರೆ ಆಪರೇಶನ್ನು, ಔಷಧ, ಊಟ ಎಲ್ಲ ಸರಕಾರದ್ದೇ.

ತಹಶೀಲ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಸಲಾವುದ್ದೀನ ಎಂಬವನು ಕೂತು ಜನರಿಗೆ ಅರ್ಜಿ ಬರೆದು ಕೊಡುತ್ತಿದ್ದ. ಹೊಲ ಇದೆಯೇ, ಎತ್ತು ಇವೆಯೇ, ದುಡಿಯುವ ಗಂಡುಮಕ್ಕಳಿದ್ದಾರೆಯೇ ಎಂದು ಒಂದೊಂದಾಗಿ ಕೇಳಿದ. ಎಲ್ಲಕ್ಕೂ ಇಲ್ಲ ಎನ್ನುತ್ತ ಎನ್ನುತ್ತ ನಿಂಬೆವ್ವನ ದೊಡ್ಡ ದನಿ ಸಣ್ಣದಾಯಿತು. ಕೊನೆಗೆ ಅವನು ಬರೆದದ್ದನ್ನು ಓದಿ ಹೇಳುವಾಗ 'ಕಡುಬಡವಳಿದ್ದು' ಎಂಬಲ್ಲಿ ಅವಳು ತಡೆದಳು.

"ಹಂಗ ಬರೀಬ್ಯಾಡ್ರಿ ಭಾಯಿ. ದುಡದು ಉಣ್ಣಾಕಿ ಅಂತ ಬರೀರಿ."

ಸಲಾವುದ್ದೀನ ಪೆನ್ನು ಎತ್ತಿ ಹಿಡಿದು ಅವಳ ಮುಖ ನೋಡಿದ. "ಹಂಗ ಬರದ್ರ ಕೊಡಂಗಿಲ್ಲ ಯವ್ವಾ," ಎಂದ. ಆಮೇಲೆ ಏನನ್ನಿಸಿತೋ, ಮೊದಲಿನದನ್ನು ಹಾಗೆಯೇ ಇಟ್ಟು ಅದರ ಮುಂದೆ 'ಕೂಲಿ ಮಾಡಿ ದುಡಿದು ಉಣ್ಣುವವಳಿದ್ದು' ಎಂದೂ ಸೇರಿಸಿದ. ಮುಂದಿನ ವಾರ ಕಂದಾಯ ಇಲಾಖೆಯ ಗಿರದಾವರ ಸಾಹೇಬರು ಮನೆ ನೋಡಲು ಬರುತ್ತಾರೆ, ಅವರು ಹೌದೆಂದು ಬರೆದರೆ ಸರ್ಟಿಫಿಕೇಟಿಗೆ ತಹಶೀಲ್ದಾರರ ಸಹಿ, ಸಿಕ್ಕಾ ಬೀಳುತ್ತದೆ ಎಂದು ತಿಳಿಸಿ ಹೇಳಿದ.

ನಿಂಬೆವ್ವ ಊರಿಗೆ ಬಂದದ್ದು ಬೇರೆಯದೇ ಚಿಂತೆ ಹೊತ್ತುಕೊಂಡು. ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು: ಸಾಹೇಬರು ಮನೆಗೆ ಬರುತ್ತಾರೆ. ಅಂಥವರು ಅವಳ ಹೊಸ್ತಿಲು ತುಳಿದದ್ದೇ ಇಲ್ಲ. ಬಂದವರನ್ನು ಹರಕು ಗೋಣಿಯ ಮೇಲೆ ಕೂರಿಸುವುದೇ? ನೋವು ಮರೆತು ನೆಲ ಸಾರಿಸಿದಳು, ಗೋಡೆಗೆ ಸುಣ್ಣ ಬಳಿದಳು. ಹುಸೇನಬೀಯ ಮಗಳ ಮದುವೆಗೆಂದು ಹೊಲಿದಿಟ್ಟಿದ್ದ ಹೊಸ ಕೌದಿಗಳು ಬಂದು ಮೂಲೆಯಲ್ಲಿ ಎತ್ತರವಾಗಿ ಕೂತವು. ಅವಳು ಕೂಲಿಗೆ ಹೋಗುತ್ತಿದ್ದ ಹೊಲದ ಒಡತಿ ಶಾರದಾಬಾಯಿಯ ಮನೆಯಿಂದ ಕುರ್ಚಿ, ಜಮಖಾನ, ಕಂಚಿನ ಗಂಗಾಳಗಳು, ಬೆಳಗಿದ ತಾಮ್ರದ ಕೊಡ ಬಂದವು. ಚಹಾಕ್ಕೆ ಹಾಲು ಬೇಕೆಂದಾಗ ಶಾರದಾಬಾಯಿ ತಂಬಿಗೆಯಲ್ಲಿ ಹಾಲು ಕಳಿಸುವ ಬದಲು ಎಮ್ಮೆಯನ್ನೇ ಕಳಿಸಿದಳು. ಸಾಹೇಬರು ಬಂದಾಗ ಬಿಸಿ ಹಾಲೇ ಕರೆದು ಕೊಡು ಎಂಬುದು ಅವಳ ಪ್ರೀತಿ. ಎಮ್ಮೆ ಬಾಗಿಲ ಮುಂದಿನ ಗೂಟಕ್ಕೆ ಕಟ್ಟಿಸಿಕೊಂಡು ನಿಧಾನ ಮೆಲುಕು ಹಾಕುತ್ತ ನಿಂತಿತು.

ಗಿರದಾವರ ಹಣಮಂತರಾಯರು ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದರು. ಕೆಟ್ಟವರಲ್ಲ. ಯಾರಿಂದಲೂ ಏನೂ ಬಯಸದ, ಕಂಡದ್ದನ್ನು ಕಂಡಂತೆ ಬರೆಯುವ ಮನುಷ್ಯ. ಕುರ್ಚಿಯ ಮೇಲೆ ಕೂರುತ್ತಲೇ ಅವರ ಮುಂದೆ ಗಂಗಾಳ ಬಂತು, ಗಂಗಾಳದಲ್ಲಿ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಬೇಡ ಬೇಡ ಎನ್ನುತ್ತಲೇ ಉಂಡರು. ತಮ್ಮ ತಾಯಿ ಹೋದ ಮೇಲೆ ಇಂಥ ಹೋಳಿಗೆ ತಿಂದಿರಲಿಲ್ಲ ಎಂದರು. ನಿಂಬೆವ್ವನ ಮುಖ ಅರಳಿತು. ಹೊರಡುವಾಗ ಅವರು ಎಮ್ಮೆಯ ಕಡೆ ನೋಡಿ ಇದು ಯಾರದು ಎಂದು ಕೇಳಿದರು.

"ನಮ್ಮವರದೇ ರಿ," ಎಂದಳು ನಿಂಬೆವ್ವ.

ಅವಳ ಮನಸ್ಸಿನಲ್ಲಿ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಶಾರದಾಬಾಯಿ ನಮ್ಮವಳಲ್ಲದೆ ಮತ್ತೆ ಯಾರು?

ವಾರಗಳು ಕಳೆದರೂ ಕಾಗದ ಬರಲಿಲ್ಲ. ನಿಂಬೆವ್ವ ಹೊಲಕ್ಕೆ ಹೋಗುವುದನ್ನು ಬಿಟ್ಟಿದ್ದಳು. ನಡೆದರೆ ಕಣ್ಣು ಕತ್ತಲೆ ಬರುತ್ತಿತ್ತು. ಹುಸೇನಬೀ ಅವಳನ್ನು ಕರೆದುಕೊಂಡು ಮತ್ತೆ ಆಳಂದಕ್ಕೆ ಹೋದಾಗ ಗುಮಾಸ್ತರು ಕಾಗದ ತೆಗೆದು ಓದಿದರು. ಅರ್ಜಿದಾರಳ ಮನೆಯಲ್ಲಿ ಕರೆಯುವ ಎಮ್ಮೆ, ಕಂಚು ತಾಮ್ರದ ಪಾತ್ರೆಗಳು, ಹಾಸಿಗೆ ಹೊದಿಕೆಗಳು ಸಾಕಷ್ಟಿದ್ದು, ಸ್ಥಿತಿವಂತಳಿರುವುದರಿಂದ ಅರ್ಜಿ ನಾಮಂಜೂರು.

ನಿಂಬೆವ್ವನಿಗೆ ಮೊದಲು ನಗು ಬಂತು. ಹುಟ್ಟಿದಾಗಿನಿಂದ ಯಾರೂ ಅವಳನ್ನು ಸ್ಥಿತಿವಂತಳು ಎಂದಿರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಆ ನಗು ಎಲ್ಲಿಗೋ ಹೋಯಿತು. ಕಿಟಕಿಯ ಕಂಬಿಗೆ ಹಣೆ ಒತ್ತಿ, ಸೆರಗು ಬಾಯಿಗೆ ಹಿಡಿದು ಅತ್ತಳು. ಹುಸೇನಬೀ ದಾರಿಯುದ್ದಕ್ಕೂ ಬೈದಳು. ಸಾಯುವ ಹೊತ್ತಿನಲ್ಲೂ ಯಮನಿಗೆ ಮೊದಲು ಊಟ ಬಡಿಸುವವಳು ನೀನು ಎಂದಳು. ಬೈಯುತ್ತಲೇ ಅವಳ ಬೆನ್ನು ಸವರುತ್ತಿದ್ದಳು.

ಬಸ್ಸು ಹತ್ತುವ ಮೊದಲು ಸಲಾವುದ್ದೀನ ಒಂದು ದಾರಿ ಹೇಳಿದ್ದ. ಆ ಸಾಮಾನುಗಳ ಒಡೆಯರು ತಹಶೀಲ್ದಾರರ ಮುಂದೆ ನಿಂತು, ಇವು ನಮ್ಮವು ಎಂದು ಹೇಳಿದರೆ ಅರ್ಜಿಯನ್ನು ಮತ್ತೆ ನೋಡಬಹುದು. ಸಂಜೆ ಕಟ್ಟೆಯ ಮೇಲೆ ಹೆಂಗಸರು ಕೂಡಿದಾಗ ಹುಸೇನಬೀ ಇದನ್ನು ತಿಳಿಸಿದಳು. ಬರೀ ಹೇಳಿದರೆ ಸಾಲದು, ಸಾಹೇಬರು ಕಣ್ಣಿಂದ ಕಂಡು ಬರೆದಿದ್ದಾರೆ, ನಾವೂ ಕಣ್ಣಿಗೇ ತೋರಿಸೋಣ ಎಂಬ ಯೋಚನೆ ಅವಳದೇ.

ಹೀಗಾಗಿ ಸೋಮವಾರ ನಿಂಬರ್ಗಾದ ಬಸ್ಸಿನಲ್ಲಿ ಒಂದು ಮೆರವಣಿಗೆಯೇ ಹೊರಟಿತು. ಒಬ್ಬಳ ತಲೆಯ ಮೇಲೆ ಕೌದಿಯ ಗಂಟು, ಒಬ್ಬಳ ಕಂಕುಳಲ್ಲಿ ಕೊಡ, ಇನ್ನೊಬ್ಬಳ ಕೈಯಲ್ಲಿ ಗಂಗಾಳಗಳು. ಕಂಡಕ್ಟರು ಕುರ್ಚಿಯನ್ನು ಟಾಪಿನ ಮೇಲೆ ಹಾಕಿಸಿದ. ಆ ದಿನದ ಕೂಲಿ ಹೋಯಿತೆಂದು ಯಾರೂ ಗೊಣಗಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಶಾರದಾಬಾಯಿ ತಾನೇ ಬಂದು ಹತ್ತಿದಳು. ಹೊರಗೆ ಹೋಗುವುದಿದ್ದರೆ ಸವಾರಿ ಬಂಡಿ ಕಟ್ಟಿಸುವ ಹೆಂಗಸು. ಕೂಲಿಯವರ ನಡುವೆ ಒತ್ತಿಕೊಂಡು ಕೂತಳು.

ತಹಶೀಲ್ದಾರರು ಕೋಣೆಯ ತುಂಬ ನಿಂತ ಹೆಂಗಸರನ್ನೂ ಸಾಮಾನುಗಳನ್ನೂ ನೋಡಿ ಮೊದಲು ಯಾವುದೋ ಜಪ್ತಿಯ ತಕರಾರು ಎಂದುಕೊಂಡರು. ಹುಸೇನಬೀ ಕೌದಿ ಬಿಚ್ಚಿ ಇದು ನನ್ನ ಮಗಳದು ಎಂದಳು. ಗಂಗಾಳ, ಕೊಡ, ಕುರ್ಚಿ ಎಲ್ಲದರ ಒಡೆತನ ಗೊತ್ತಾಯಿತು. ತಹಶೀಲ್ದಾರರು ಕಾಗದ ನೋಡಿ, ಇದರಲ್ಲಿ ಎಮ್ಮೆಯೂ ಇದೆಯಲ್ಲ ಎಂದರು.

"ಎಮ್ಮಿ ಬಸ್ಸಿನ್ಯಾಗ ಹತ್ತಲಿಲ್ಲ್ರಿ," ಎಂದಳು ಶಾರದಾಬಾಯಿ. "ಅದಕ್ಕ ಅದರ ಒಡತಿ ನಾ ಬಂದೇನಿ."

ಗುಮಾಸ್ತರು ನಕ್ಕರು. ನಿಂಬೆವ್ವ ನಗಲಿಲ್ಲ. ಗೋಡೆಗೆ ಒರಗಿ ನೆಲ ನೋಡುತ್ತ ನಿಂತಿದ್ದಳು. ಅದು ಅವಳದಲ್ಲ, ಇದು ಅವಳದಲ್ಲ ಎಂದು ಒಬ್ಬೊಬ್ಬರೇ ಹೇಳುತ್ತಿದ್ದಂತೆ, ತುಂಬಿದ ಕಚೇರಿಯಲ್ಲಿ ಮೈಮೇಲಿನ ಬಟ್ಟೆಯನ್ನು ಒಂದೊಂದಾಗಿ ಎಳೆದಂತೆ ಅವಳಿಗೆ ಆಗುತ್ತಿತ್ತು. ಹಾಗಾದರೆ ಈಕೆಯ ಮನೆಯಲ್ಲಿ ಇರುವುದೇನು ಎಂದು ತಹಶೀಲ್ದಾರರು ಕೇಳಿದರು. ಹುಸೇನಬೀ ಬಿಚ್ಚಿದ ಕೌದಿ ಮಡಚುತ್ತ ಹೇಳಿದಳು.

"ಒಂದ ನೆಗ್ಗಿದ ಜರ್ಮನಿ ಗಂಗಾಳ ಅದ ರಿ ಸಾಹೇಬ್ರ. ಎರಡನೇದ್ದು ಇಲ್ಲ. ಆ ಒಂದರಾಗ ನಾವೆಲ್ಲಾರೂ ಉಂಡೇವಿ."

ನಿಂಬೆವ್ವ ತಲೆ ಎತ್ತಿ ಗೆಳತಿಯರ ಕಡೆ ನೋಡಿದಳು. ಹುಸೇನಬೀಯ ಕಣ್ಣು ತುಂಬಿತ್ತು. ಯಾರೋ ಹಿಂದಿನಿಂದ ನಿಂಬೆವ್ವನ ಮೊಣಕೈ ಹಿಡಿದರು. ಮೈಮೇಲಿನ ಬಟ್ಟೆ ಮರಳಿ ಬಂದಂತಾಯಿತು.

ಹಣಮಂತರಾಯರನ್ನು ಕರೆಸಿದರು. ಅವರು ಒಳಗೆ ಬಂದು ಕುರ್ಚಿಯನ್ನು ಗುರುತು ಹಿಡಿದು ಕೆಂಪಗಾದರು. ಅವರು ಏನಾದರೂ ಹೇಳುವ ಮೊದಲೇ ನಿಂಬೆವ್ವ ಮುಂದೆ ಬಂದಳು.

"ಸಾಹೇಬ್ರ ತಪ್ಪಿಲ್ಲ್ರಿ. ಮನಿಗಿ ಬಂದವರಿಗಿ ಚೊಲೋ ಕಾಣ್ಲಿ ಅಂತ ನಾನೇ ಮಾಡಿದ್ದು."

ಇನ್ನೊಮ್ಮೆ ಹೋಗಿ ನೋಡಿ ಬರಬೇಕೆಂದು ತಹಶೀಲ್ದಾರರು ಹೇಳಿದ್ದೇ ತಡ, ಹಣಮಂತರಾಯರು ಅದೇ ಬಸ್ಸಿನಲ್ಲಿ ಹೆಂಗಸರ ಜೊತೆಗೇ ಹೊರಟರು. ಈ ಸಲ ಮನೆ ಇದ್ದಂತೆಯೇ ಇತ್ತು. ಮೂರು ಮಡಕೆ, ಒಂದು ಒಲೆ, ಹಗ್ಗದ ಮೇಲೆ ಎರಡು ಸೀರೆ. ಗಿರದಾವರರು ಗೋಣಿಯ ಮೇಲೆ ಕೂತರು. ಅಂದಿನ ಹೋಳಿಗೆಯ ಬೇಳೆ ಬೆಲ್ಲ ಎಲ್ಲಿಯದು ಎಂದು ಮೆಲ್ಲಗೆ ಕೇಳಿದರು. ಬೇಳೆ ನನ್ನದೇ, ರಾಶಿಯ ಕಾಲದಲ್ಲಿ ಕೂಲಿಗೆ ಬಂದ ತೊಗರಿ ಎಂದಳು ನಿಂಬೆವ್ವ, ಹೆಮ್ಮೆಯಿಂದ. ಅವರು ಅಲ್ಲಿಯೇ ತೊಡೆಯ ಮೇಲೆ ಕಾಗದವಿಟ್ಟು ಬರೆದರು. ಶೇಂಗಾ ಚಟ್ನಿ ಹಚ್ಚಿದ ಒಣ ಕಟಕ ರೊಟ್ಟಿ ತಿಂದ ಮೇಲೆಯೇ ಏಳಲು ಅವಳು ಬಿಟ್ಟಳು. ವಾರದೊಳಗೆ ಸಿಕ್ಕಾ ಬಿದ್ದ ಸರ್ಟಿಫಿಕೇಟು ಕೈಗೆ ಬಂತು. ಅದನ್ನು ತಲುಪಿಸಲು ಹಣಮಂತರಾಯರೇ ಬಂದಿದ್ದರು.

ಕಲಬುರ್ಗಿಯ ದವಾಖಾನೆಯಲ್ಲಿ ಆಪರೇಶನ್ನು ಸುಸೂತ್ರವಾಗಿ ಆಯಿತು. ಗಡ್ಡೆ ದೊಡ್ಡದಿತ್ತು, ಆದರೆ ಕೆಟ್ಟದ್ದಾಗಿರಲಿಲ್ಲ. ಶಿವಕಾಂತಾ ಮಗುವನ್ನು ಗಂಡನ ಮನೆಯಲ್ಲಿ ಬಿಟ್ಟು ಬಂದು ತಾಯಿಯ ಮಂಚದ ಕೆಳಗೆ ಮಲಗಿದಳು. ಎಚ್ಚರ ಬಂದ ಎರಡನೆಯ ದಿನವೇ ನಿಂಬೆವ್ವ ತನಗೆ ಕೊಟ್ಟ ಹಾಲು ಬ್ರೆಡ್ಡನ್ನು ಪಕ್ಕದ ಮಂಚದ ಯಡ್ರಾಮಿಯ ಮುದುಕಿಗೆ ದಾಟಿಸುತ್ತಿದ್ದುದನ್ನು ನರ್ಸಮ್ಮ ಹಿಡಿದರು. ಇನ್ನು ಮುಂದೆ ಎದುರಿಗೆ ನಿಂತು ಕುಡಿಸುತ್ತೇನೆ ಎಂದು ಗದರಿ, ಹಾಗೆಯೇ ಮಾಡಿದರು.

ಕಷ್ಟವಾದದ್ದು ಊರಿಗೆ ಬಂದ ಮೇಲೆ. ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ಕೂರಬಾರದು. ಮೊದಲ ದಿನ ಹುಸೇನಬೀಯ ಮನೆಯಿಂದ ಊಟ ಬಂತು. ಎರಡನೆಯ ದಿನ ಇನ್ನೊಂದು ಮನೆಯಿಂದ. ನಿಂಬೆವ್ವನಿಗೆ ಬಡಿಸುವುದು ಗೊತ್ತಿತ್ತೇ ಹೊರತು ಬಡಿಸಿಕೊಳ್ಳುವುದು ಗೊತ್ತಿರಲಿಲ್ಲ. ಹಸಿವಿಲ್ಲ ಎಂದಳು, ಆಡಿಗೆ ಹಾಕಿದಳು, ಒಮ್ಮೆ ಸಿಟ್ಟಿನಿಂದ ಗೋಡೆಯ ಕಡೆ ತಿರುಗಿ ಮಲಗಿದಳು. ಹುಸೇನಬೀ ತಾನೂ ಉಣ್ಣದೆ ಎದುರಿಗೆ ಕೂತಳು. ಹೊತ್ತು ಇಳಿಯುವವರೆಗೂ ಇಬ್ಬರೂ ಹಾಗೆಯೇ ಇದ್ದರು. ಆಮೇಲೆ ನಿಂಬೆವ್ವ ಎದ್ದು ಕೂತು, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಕೊಂಕು ತೆಗೆಯುತ್ತ ಪೂರ್ತಿ ಉಂಡಳು. ಅಂದಿನಿಂದ ಯಾರು ತಂದರೂ ಬೇಡ ಎನ್ನಲಿಲ್ಲ.

ಚಳಿಗಾಲದಲ್ಲಿ ಮಗಳು ಬಂದು ತನ್ನ ಊರಿಗೆ ಕರೆದೊಯ್ದಳು. ಭೀಮಾ ಹೊಳೆಯ ದಂಡೆಯಲ್ಲಿ ಮೀಯುವಾಗ ಮೊಮ್ಮಗಳು ಅಜ್ಜಿಯ ಹೊಟ್ಟೆಯ ಮೇಲಿನ ಉದ್ದನೆಯ ಹೊಲಿಗೆಯ ಗುರುತನ್ನು ಬೆರಳಿನಿಂದ ಮುಟ್ಟಿ ಇದೇನು ಎಂದು ಕೇಳಿತು. ಇಲ್ಲೊಂದು ಕುಂಬಳಕಾಯಿ ಬೆಳೆದಿತ್ತು, ಕಲಬುರ್ಗಿಯವರು ಕೊಯ್ದುಕೊಂಡು ಹೋದರು ಎಂದಳು ನಿಂಬೆವ್ವ. ಅದನ್ನು ಅವರು ಪಲ್ಯ ಮಾಡಿದರೋ ಹುಗ್ಗಿ ಮಾಡಿದರೋ ಎಂದು ಮಗು ಕೇಳಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನಕ್ಕರು. ನಿಂಬೆವ್ವ ಹೊಲಿಗೆ ನೋಯುವಷ್ಟು ನಕ್ಕು, ಹೊಟ್ಟೆ ಹಿಡಿದುಕೊಂಡು ನೀರಿನಲ್ಲಿಯೇ ಕೂತುಬಿಟ್ಟಳು.