ಅಗರಬತ್ತಿ ಕಟ್ಟಡದ ಏಳನೇ ಸಹಿ

ಜಂಪಣ್ಣನವರು ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದರು. ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಸೀಟಿ ಅಂಗಿಯ ಜೇಬಿನಲ್ಲೇ ಇದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಊರಾಚೆಯ ಬಾಡಿಗೆ ಮನೆಯಿಂದ ಎರಡು ಕಿಲೋಮೀಟರ್ ನಡೆದು ಬಸ್ ನಿಲ್ದಾಣಕ್ಕೆ ಬರುತ್ತಾರೆ. ಬಸ್ಸು ಹತ್ತುವುದಕ್ಕಲ್ಲ, ಹೊತ್ತಿಗೆ ಸರಿಯಾಗಿ ಹೊರಟಿತೇ ಎಂದು ನೋಡುವುದಕ್ಕೆ.

"ಎಲ್ಲಾರನ್ನೂ ಅವರವರ ಸ್ಟಾಪಿನಾಗೆ ಇಳಿಸಿದೆ ಕಣಮ್ಮ. ನಂದೊಂದು ಸ್ಟಾಪ್ ಇನ್ನೂ ಬಂದಿಲ್ಲ" ಎಂದು ಒಮ್ಮೆ ಪಕ್ಕದ ಮನೆಯ ನನ್ನ ಹತ್ತಿರ ಹೇಳಿ ನಕ್ಕಿದ್ದರು.

ಅವರ ಮನಸ್ಸಿನಲ್ಲಿದ್ದ ಸ್ಟಾಪು ಬಸ್ ನಿಲ್ದಾಣದ ಎದುರಿಗೇ ಇತ್ತು. ಅಪ್ಪನಿಂದ ಬಂದ ಜಾಗ, ಹದಿನೆಂಟು ಅಡಿ ಅಗಲ, ಅರವತ್ತು ಅಡಿ ಉದ್ದ. ಎಡಕ್ಕೆ ಔಷಧಿ ಅಂಗಡಿ, ಬಲಕ್ಕೆ ಶಿವಮೂರ್ತಪ್ಪನವರ ಬಟ್ಟೆ ಅಂಗಡಿ. ಎರಡು ಬಸ್ಸು ಒತ್ತಿ ನಿಲ್ಲಿಸಿದರೆ ಜಾಗ ಮುಗಿಯಿತು. ಅಲ್ಲಿ ಕೆಳಗೊಂದು ಅಂಗಡಿ, ಮೇಲೆ ಮಹಡಿಗೊಂದರಂತೆ ಏಳು ಮನೆ, ಒಂದು ಲಿಫ್ಟು ಎಂದು ಎಂಜಿನಿಯರ್ ತಿಮ್ಮೇಶ್ ನಕ್ಷೆ ಮಾಡಿಕೊಟ್ಟಿದ್ದ. ಕಾರಿಗೆ ಜಾಗವೇ ಇರಲಿಲ್ಲ. ಇಟ್ಟರೆ ಮೆಟ್ಟಿಲಿಗೆ ಜಾಗವಿಲ್ಲ.

ಊರಿನವರು ಅದಕ್ಕೆ ಅಗರಬತ್ತಿ ಕಟ್ಟಡ ಎಂದು ಹೆಸರಿಟ್ಟರು. ಜಂಪಣ್ಣನವರಿಗೆ ಬೇಸರವಾಗಲಿಲ್ಲ. "ಒಳ್ಳೇ ಹೆಸರೇ ಆತು ಬಿಡ್ರಿ, ಪರಿಮಳದ್ದು" ಎಂದರು.

ಜಾಗದಲ್ಲಿ ಅರ್ಧ ಪಾಲು ತಮ್ಮ ಕಲ್ಲೇಶನದು. ಅದನ್ನು ಕಾರು ನಿಲ್ಲಿಸಲು ಬಾಡಿಗೆಗೆ ಬಿಡಬೇಕೆಂದು ಅವನ ಆಸೆ. ಆದರೂ ಅಣ್ಣನ ಮಾತು ತೆಗೆದುಹಾಕಲಾರ.

"ಅಣ್ಣ, ಈ ಕಾಲದಾಗೆ ಕಾರಿಲ್ಲದ ಮನೆಗೆ ಯಾರು ಬರ್ತಾರೆ? ಏಳು ಮನೆಯೋರು 'ನಮಗೆ ಕಾರು ಬ್ಯಾಡ, ಮನೆ ಬೇಕು' ಅಂತ ಸಹಿ ಹಾಕಲಿ. ಸೋಮವಾರದೊಳಗೆ ಏಳು ಸಹಿ ತೋರಿಸು, ನಾನೂ ಸಹಿ ಹಾಕ್ತೀನಿ. ಇಲ್ಲಾಂದ್ರೆ ಪಾರ್ಕಿಂಗ್ ಬೋರ್ಡ್ ಬೀಳ್ತೈತೆ."

ಜಂಪಣ್ಣನವರು ಹೊರಟರು. ಯಾರು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತಾರೆಂದು ಅವರಿಗೆ ತಿಳಿಯದ್ದೇನಿದೆ? ಜಗಳೂರಿನಿಂದ ಬಂದು ಇಲ್ಲಿ ಬಾಡಿಗೆಗಿರುವ ನರ್ಸಮ್ಮ, ಹೊನ್ನಾಳಿಗೆ ದಿನವೂ ಹೋಗಿಬರುವ ಇಬ್ಬರು ಮೇಷ್ಟ್ರು, ನ್ಯಾಮತಿಯ ಕಚೇರಿಯ ಗುಮಾಸ್ತೆ, ಔಷಧಿ ಅಂಗಡಿಯವರು. ಐದು ಸಹಿ ಬಿದ್ದವು. ಆರನೆಯದು ಅವರದೇ. ಏಳನೆಯದು ಮಾತ್ರ ಎಲ್ಲೂ ಸಿಗಲಿಲ್ಲ. ಒಬ್ಬರಿಗೆ ಎತ್ತರದ ಭಯ, ಒಬ್ಬರಿಗೆ ಕಾರಿಲ್ಲದಿದ್ದರೆ ಮಗನಿಗೆ ಹೆಣ್ಣು ಸಿಗುವುದಿಲ್ಲವೆಂಬ ಭಯ.

ಭಾನುವಾರ ಬೆಳಿಗ್ಗೆ ಎಲ್ಲರೂ ಜಾಗದಲ್ಲಿ ಸೇರಿದರು. ತಿಮ್ಮೇಶ್ ನಕ್ಷೆ ಬಿಡಿಸಿ ಹಿಡಿದ. ಹೆಂಗಸರು ಅದನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಹಿಡಿದು ನೋಡಿದರು. ಜಂಪಣ್ಣನವರ ಹೆಂಡತಿ ಕರಿಬಸಮ್ಮ ಅದನ್ನು ಮಡಚಿ ಅವನ ಕೈಗೇ ಕೊಟ್ಟರು.

"ಈ ಗೆರೆಯಾಗೆ ಒಲೆ ಎಲ್ಲೈತೆ ಅಂತ ಹೆಂಗೆ ತಿಳೀಬೇಕಪ್ಪ? ಟೇಪ್ ಹಿಡಿ, ನಾನು ರಂಗೋಲಿ ಬಿಡ್ತೀನಿ."

ಅವನು ಅಳತೆ ಹೇಳಿದ, ಅವರು ಬಿಳಿ ರಂಗೋಲಿ ಎಳೆದರು. ಒಂದನೇ ಮಹಡಿಯ ಮನೆ ನೆಲದ ಮೇಲೆ ಮೂಡಿತು. ನರ್ಸಮ್ಮ ಅಡಿಗೆ ಮನೆಯಲ್ಲಿ ನಿಂತು ಇಲ್ಲದ ರೊಟ್ಟಿ ತಟ್ಟಿ ನೋಡಿ, ಮೊಣಕೈ ಗೋಡೆಗೆ ತಾಗುವುದಿಲ್ಲ ಎಂದರು. ಈಶಾನ್ಯದ ಮೂಲೆಯಲ್ಲಿ ದೇವರ ಮನೆ. ಕರಿಬಸಮ್ಮ ಅಲ್ಲೊಂದು ದೀಪ ಹಚ್ಚಿಟ್ಟರು.

ಎರಡನೇ ಮಹಡಿಯ ಮನೆ ಬೇರೆ ಥರ, ಕಿಟಕಿಗೆ ಗಾಳಿ ಬೆಳಕು ಸಿಗಲೆಂದು ಹಿಂದುಮುಂದಾಗಿ ತಿರುಗಿಸಿದ್ದೇನೆ ಎಂದ ತಿಮ್ಮೇಶ್. ಅದನ್ನು ಬರೆಯಲು ಬೇರೆ ಜಾಗವೆಲ್ಲಿ? ಬಿಳಿ ಗೆರೆಯ ಮೇಲೆಯೇ ಕೆಂಪು ರಂಗೋಲಿ ಎಳೆದರು. ಬಟ್ಟೆ ಅಂಗಡಿಯ ನಿರ್ಮಲಮ್ಮ, ಶಿವಮೂರ್ತಪ್ಪನವರ ಹೆಂಡತಿ, ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ಇದ್ದಕ್ಕಿದ್ದಂತೆ ಇಳಿದು ಬಂದರು.

"ದೀಪದ ಮ್ಯಾಲೆ ಬಂದೈತಲ್ಲ ಈ ಕೆಂಪು ಚೌಕ, ಇದೇನು?"

"ಮೇಲಿನ ಮನೆ ಬಚ್ಚಲು" ಎಂದ ತಿಮ್ಮೇಶ್.

ದೇವರ ತಲೆಯ ಮೇಲೆ ಬಚ್ಚಲ ನೀರು! ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬರು ಮೇಷ್ಟ್ರು ಮೆಲ್ಲಗೆ, "ನನ್ನ ಹೆಸರು ಸದ್ಯಕ್ಕೆ ತೆಗೀರಿ ಜಂಪಣ್ಣಾರೆ" ಎಂದರು. ನರ್ಸಮ್ಮನೂ ನೆಲ ನೋಡಿದರು. ಅಂಗಡಿ ಮೆಟ್ಟಿಲಿನಿಂದ ಶಿವಮೂರ್ತಪ್ಪ ಕೂಗಿದರು. "ಏನ್ರೀ ಕಂಡಕ್ಟ್ರೇ, ಬಸ್ಸು ಹೊರಡೋಕೆ ಮುಂಚೇನೇ ಸೀಟು ಖಾಲಿ ಆದ್ವಲ್ಲ!"

ಜಂಪಣ್ಣನವರ ಕೈ ಜೇಬಿನ ಸೀಟಿಯ ಮೇಲಿತ್ತು. ಊದಲಿಲ್ಲ. ಅವರು ಹೆಂಡತಿಯ ಮುಖ ನೋಡಿದರು.

ಕರಿಬಸಮ್ಮ ದೀಪದ ಮುಂದೆ ಕುಳಿತುಬಿಟ್ಟಿದ್ದರು. ಆಮೇಲೆ ಸೆರಗಿನ ತುದಿಯಿಂದ ಕೆಂಪು ಚೌಕವನ್ನು ಒರೆಸಿ, ಬಿಳಿ ಗೆರೆ ಹೋದಲ್ಲೆಲ್ಲ ಅದರ ಮೇಲೆಯೇ ಕೆಂಪು ಗೆರೆ ಎಳೆದರು.

"ಮನೆ ಯಾಕೆ ತಿರುಗಿಸ್ಬೇಕು? ಎಲ್ಲಾ ಒಂದೇ ಮಕ ಇರಲಿ. ದೇವರ ಮನೆ ಮ್ಯಾಲೆ ದೇವರ ಮನೆ, ಬಚ್ಚಲ ಮ್ಯಾಲೆ ಬಚ್ಚಲು. ಏಳಕ್ಕೂ ಹಂಗೇ."

"ಅಲ್ಲ ಕರಿಬಸಕ್ಕ, ದೇವರ ತಲೆ ಮ್ಯಾಲೆ ಜನ ಓಡಾಡಿದಂಗೆ ಆಗಲ್ವಾ?" ಎಂದರು ನಿರ್ಮಲಮ್ಮ.

"ದೇವರ ಮನೆಯಾಗೆ ಯಾರಮ್ಮ ಓಡಾಡ್ತಾರೆ? ಕೂತು ಪೂಜೆ ಮಾಡ್ತಾರೆ. ಕೆಳಗೂ ಶಿವ, ಮ್ಯಾಲೂ ಶಿವ. ಅವರವರಿಗೆ ತಕರಾರಿಲ್ಲ, ನಮಗೇನು?"

ತಿಮ್ಮೇಶ್ ತಲೆ ಕೆರೆದುಕೊಂಡ. "ಪೈಪೂ ನೆಟ್ಟಗೆ ಇಳೀತಾವೆ ಅಕ್ಕ. ಕಿಟಕಿ ನಾನು ನೋಡ್ಕೊತೀನಿ. ಇದು ನನಗೆ ಹೊಳೀಲೇ ಇಲ್ಲ."

ಮೇಷ್ಟ್ರು ಕೆಮ್ಮಿ, ಹೆಸರು ಅಲ್ಲೇ ಇರಲಿ ಎಂದರು. ಆದರೂ ಆರೇ ಆದವು.

ನಿರ್ಮಲಮ್ಮ ರಂಗೋಲಿಯ ದೇವರ ಮನೆಯೊಳಗೆ ಬಂದು ಕರಿಬಸಮ್ಮನ ಪಕ್ಕ ಕುಳಿತರು. ಎದ್ದಾಗ ಕೇಳಿದ್ದು ಒಂದೇ ಮಾತು. "ಪೆನ್ನು ಕೊಡ್ರಿ ಜಂಪಣ್ಣಾರೆ."

ಶಿವಮೂರ್ತಪ್ಪನವರು ಧಾವಿಸಿ ಬಂದರು. "ಏಯ್, ನಿರ್ಮಲಾ! ಕಾರು ಎಲ್ಲಿ ನಿಲ್ಲಿಸ್ಲಿ? ದೇವರ ಮನೆಯಾಗೆ?"

"ನಿಲ್ಲಿಸ್ರಿ. ದಿನಾ ಅದಕ್ಕೇ ತಾನೆ ನೀವು ಪೂಜೆ ಮಾಡೋದು!"

ಎಲ್ಲರೂ ನಕ್ಕರು. ನಿರ್ಮಲಮ್ಮ ನಗಲಿಲ್ಲ. "ಅದು ನನ್ನ ಹತ್ತಿಸ್ಕೊಂಡು ಹೋಗಿದ್ದಕ್ಕಿಂತ ನಾನು ಅದನ್ನ ಒರೆಸಿದ್ದೇ ಹೆಚ್ಚು. ಅಂಗಡಿ ಇಲ್ಲಿ, ಮನೆ ಅಲ್ಲೆಲ್ಲೋ. ಮಧ್ಯಾಹ್ನ ನಿಮಗೆ ಬಿಸಿ ಊಟ ಕೊಟ್ಟು ಎಷ್ಟು ವರ್ಷ ಆತು ಹೇಳ್ರಿ? ವಾರಕ್ಕೊಂದ್ಸಲ ಬಸವಾಪಟ್ಟಣದ ತೋಟಕ್ಕೆ ಹೋಗೋ ಕಾರಿಗೆ ಆ ಊರಾಗೇ ನಮ್ಮಣ್ಣನ ಕೊಟ್ಟಿಗೆ ಐತೆ. ಅಲ್ಲೇ ಮಲಗ್ಲಿ."

"ತೋಟಕ್ಕೆ ನಾನು ಹೆಂಗೆ ಹೋಗ್ಲಿ?"

ಈ ಪ್ರಶ್ನೆಗೆ ಜಂಪಣ್ಣನವರ ಹತ್ತಿರ ಉತ್ತರವಿತ್ತು. "ಏಳೂಕಾಲಿಗೊಂದು, ಎಂಟೂ ಹತ್ತಕ್ಕೊಂದು, ಒಂಬತ್ತಕ್ಕೊಂದು. ಏಳೂಕಾಲಿಂದ್ರಾಗೆ ಕಿಟಕಿ ಸೀಟು ಸಿಗ್ತೈತೆ ಸಾಹುಕಾರ್ರೆ."

ಶಿವಮೂರ್ತಪ್ಪನವರು ಬಿಸಿ ಊಟದ ಮಾತಿಗೇ ಅರ್ಧ ಸೋತಿದ್ದರು. ಹೆಂಡತಿಯ ಸಹಿಯ ಕೆಳಗೆ ತಮ್ಮದೂ ಗೀಚಿ, "ಐದನೇ ಮಹಡಿಗಿಂತ ಕೆಳಗೆ ಆದ್ರೆ ಒಲ್ಲೆ" ಎಂದು ಮುಖ ಗಂಟಿಕ್ಕಿದರು.

ಸೋಮವಾರ ಕಲ್ಲೇಶ್ ಏಳು ಮನೆಯ ಸಹಿಗಳನ್ನೂ ಎರಡೆರಡು ಸಲ ಓದಿದ. ಏಳನೆಯದರ ಹತ್ತಿರ ನಿಂತು, "ಕಾರಿನ ಶಿವಮೂರ್ತಪ್ಪಾರಾ!" ಎಂದ. ಪೆನ್ನು ತೆಗೆದು ತನ್ನ ಸಹಿ ಹಾಕಿದ. ಜಂಪಣ್ಣನವರು ನಾಲ್ಕು ವರ್ಷದ ಮೇಲೆ ಮೊದಲ ಸಲ ಸೀಟಿ ಊದಿದರು. ನಿಲ್ದಾಣದಲ್ಲಿ ನಿಂತಿದ್ದ ಬಸ್ಸೊಂದು ಹಾಗೇ ಹೊರಟುಬಿಟ್ಟಿತು.

ಪುರಸಭೆಯ ಅನುಮತಿ ಇನ್ನೂ ಬರಬೇಕು. ಅಲ್ಲಿಯವರೆಗೆ ಮಂಗಳವಾರಕ್ಕೊಮ್ಮೆ ಕರಿಬಸಮ್ಮ ಹೋಗಿ ಮಾಸಿದ ರಂಗೋಲಿಯನ್ನು ತಿದ್ದಿ ಬರುತ್ತಾರೆ. ಮೊನ್ನೆ ನಾನೂ ಜೊತೆಗಿದ್ದೆ. ಯಾರೋ ಒಬ್ಬರು ಕಾರು ತಂದು ಖಾಲಿ ಜಾಗದಲ್ಲಿ ನಿಲ್ಲಿಸಿದರು. ಬಟ್ಟೆ ಅಂಗಡಿಯಿಂದ ಶಿವಮೂರ್ತಪ್ಪನವರು ಕೈಯಲ್ಲಿ ಸೀರೆ ಹಿಡಿದೇ ಓಡಿಬಂದರು.

"ರೀ ಸ್ವಾಮಿ, ಕಣ್ಣು ಕಾಣಲ್ವಾ? ನಮ್ಮ ಅಡಿಗೆ ಮನೆಯಾಗೆ ನಿಲ್ಲಿಸಿದಿರಲ್ರೀ, ತೆಗೀರಿ ಕಾರು!"