ವೆಂದೆಲಣ್ಣ ಬಸ್ಸಿನಿಂದ ಇಳಿದದ್ದು

ನಮ್ಮ ಬಾಯಾ ಊರಿನಲ್ಲಿ ಬೇಸಿಗೆ ಬಂತೆಂದರೆ ಗಂಡಸರು ಅಂಗಳದಲ್ಲಿ ಬೆಂಕಿ ಹಾಕಿ, ಕಡಾಯಿ ತೂಗಿಬಿಟ್ಟು ಮೀನುಸಾರು ಕುದಿಸುತ್ತಾರೆ. ಸಾರು ಕುದಿಯುವ ತನಕ ಮಾತು. ಡ್ಯಾನ್ಯೂಬ್ ನದಿ ಎಷ್ಟು ಏರಿದೆ, ಎಷ್ಟು ಇಳಿದಿದೆ, ಯಾರ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ, ಇಷ್ಟೇ. ವೆಂದೆಲಣ್ಣ ಬಂದು ಕೂತರೆ ಮಾತ್ರ ಮಾತು ಪ್ರಾಗ್, ಕ್ರಾಕೋವ್, ವಿಯೆನ್ನಾ ಎಂದು ಹೊರಳುತ್ತಿತ್ತು. ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಪ್ರವಾಸಿ ಬಸ್ಸು ಓಡಿಸಿದವನು ಅವನು. ನಮ್ಮಲ್ಲಿ ಬಹಳ ಜನಕ್ಕೆ ಪಾಸ್‌ಪೋರ್ಟ್ ಎಂದರೆ ಏನೆಂದೇ ಗೊತ್ತಿಲ್ಲದಿದ್ದಾಗ ಅವನು ಗಡಿ ದಾಟಿ ಹೋಗಿ ಬರುತ್ತಿದ್ದ.

ಅವನ ಹೆಂಡತಿ ರೊಜಾಲಿಯಾ. ನಾನು ರೋಜಕ್ಕ ಎನ್ನುತ್ತೇನೆ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಬೇಲಿ, ಅದರಲ್ಲೂ ಕೋಳಿ ನುಗ್ಗುವಷ್ಟು ಸಂದು. ಮೀನುಸಾರಿಗೆ ಹಾಕುವ ಶಾವಿಗೆಯನ್ನು ಕಡ್ಡಿಯಷ್ಟು ತೆಳ್ಳಗೆ ಕೊಯ್ಯುವುದರಲ್ಲಿ ಅವಳ ಕೈಗೆ ಸಾಟಿ ಇರಲಿಲ್ಲ. ಮನೆಯಲ್ಲೇ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಆದರೆ ತಂಗಿಯ ಊರಾದ ಸೆಗೆದ್ ಬಿಟ್ಟರೆ ಬೇರೆ ಊರು ಕಂಡವಳಲ್ಲ. ಗಂಡ ಪ್ರವಾಸ ಮುಗಿಸಿ ಬಂದ ದಿನ ಅಡುಗೆಮನೆಯಲ್ಲಿ ಕೂತು ಕಂಡದ್ದನ್ನೆಲ್ಲ ಹೇಳುತ್ತಿದ್ದ. ಅವಳು ಹಿಟ್ಟು ಲಟ್ಟಿಸುತ್ತಾ ಕೇಳುವಳು. ಎಷ್ಟೋ ಸಲ ನಾನೂ ಹೋಗಿ ಕೂತಿದ್ದೇನೆ. ಪ್ರಾಗಿನ ಗಡಿಯಾರದ ಗೋಪುರದಲ್ಲಿ ಅಸ್ಥಿಪಂಜರ ಗಂಟೆಗೊಮ್ಮೆ ಬಾಯ್ದೆರೆದು ಹಾಡುತ್ತದಂತೆ. ಸೇತುವೆಯ ಕೆಳಗೆ ಸಂತರ ವಿಗ್ರಹಗಳು ಸೊಂಟಮಟ್ಟ ನೀರಿನಲ್ಲಿ ನಿಂತಿವೆಯಂತೆ. ಲಟ್ಟಣಿಗೆ ತಾನಾಗಿ ನಿಂತುಬಿಡುತ್ತಿತ್ತು.

ವೆಂದೆಲಣ್ಣ ನಿವೃತ್ತನಾಗುವ ಹೊತ್ತಿಗೆ ಗಡಿಯ ಮುಳ್ಳುತಂತಿ ಕಿತ್ತುಹಾಕಿ ಕೆಲವು ವರ್ಷವಾಗಿತ್ತು. ಒಂದು ವಸಂತದಲ್ಲಿ ನಮ್ಮ ಪಿಂಚಣಿದಾರರ ಸಂಘದವರು ಪ್ರಾಗ್, ಕ್ರಾಕೋವ್, ವಿಯೆನ್ನಾ ಎಂದು ಪ್ರವಾಸ ಹೊರಡಿಸಿದರು. ರೋಜಕ್ಕ ಗಂಡನನ್ನು ಕೇಳದೆ ಇಬ್ಬರ ಹೆಸರನ್ನೂ ಬರೆಸಿ ಬಂದಳು. ನನ್ನದನ್ನೂ ಬರೆಸಿದ್ದಳು ಅನ್ನಿ. ಅವನಿಗೆ ಅದು ಹಿಡಿಸಲಿಲ್ಲ.

"ನೋಡಿದ್ದನ್ನೇ ಇನ್ನೆಷ್ಟು ಸಲ ನೋಡೋದು?" ಎಂದ.

"ನೀನು ನೋಡಿದ್ದೀಯ. ನಾನು ಕೇಳಿದ್ದೀನಿ, ಅಷ್ಟೆ. ಈ ಸಲ ಕೈ ಹಿಡ್ಕೊಂಡು ತೋರಿಸು."

ಅವನು ಕೋಳಿಗೂಡಿನ ಬಾಗಿಲು ಸರಿಮಾಡಲು ಹೋದ. ಅದು ಸರಿಯಾಗಿಯೇ ಇತ್ತು.

ಪ್ರಾಗಿನಲ್ಲಿ ಬಸ್ಸು ನಿಂತಾಗ ನಾವೆಲ್ಲ ಇಳಿದೆವು. ವೆಂದೆಲಣ್ಣ ಇಳಿದವನು ನೇರ ಹಿಂದಿನ ಚಕ್ರದ ಬಳಿ ಹೋಗಿ ಬೂಟಿನಿಂದ ಟೈರು ತಟ್ಟಿದ. ನಮ್ಮ ಚಾಲಕ ಒಟ್ಟೋ ಎಂಬ ನಗುಮುಖದವನು. ಆ ಬಸ್ಸು ಅವನ ಸುಪರ್ದಿಯಲ್ಲಿದೆ ಎಂಬುದೇ ಇವನಿಗೆ ಮರೆತುಹೋದಂತಿತ್ತು. ರೋಜಕ್ಕ ಕರೆದಾಗ, ಮೊಣಕಾಲು ಹಿಡಿದುಕೊಂಡಿದೆ, ನೀವು ಹೋಗಿ ಬನ್ನಿ ಎಂದ.

ಗಡಿಯಾರದ ಮುಂದೆ ಜನ ಜಾತ್ರೆಯಂತೆ ನೆರೆದಿದ್ದರು. ಗಂಟೆಯಾಯಿತು. ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸಿತು. ಮೇಲಿನ ಕಿಟಕಿಗಳಲ್ಲಿ ಸಂತರು ಸಾಲಾಗಿ ಹಾದುಹೋದರು. ಜನ ಕರಗಿದರು. ರೋಜಕ್ಕ ಕದಲಲಿಲ್ಲ. ಮುಂದಿನ ಗಂಟೆಯವರೆಗೂ ಅಲ್ಲೇ ನಿಂತು ಮತ್ತೊಮ್ಮೆ ನೋಡಿದಳು.

"ಇರೇನ್, ಇದು ಹಾಡಲ್ವಾ?" ಎಂದು ನನ್ನನ್ನು ಕೇಳಿದಳು.

ಇಲ್ಲಕ್ಕ, ಗಂಟೆ ಹೊಡೆಯೋದಷ್ಟೆ ಎಂದೆ. ಹಿಂದೆ ಹಾಡುತ್ತಿತ್ತೇನೋ ಎಂದಳು. ಸೇತುವೆಗೆ ಹೋದೆವು. ವಿಗ್ರಹಗಳು ಸೇತುವೆಯ ಎರಡೂ ಬದಿಯ ಕಟ್ಟೆಯ ಮೇಲೆ, ನಮ್ಮ ತಲೆಗಿಂತ ಎತ್ತರದಲ್ಲಿ ನಿಂತಿದ್ದವು. ಅವಳು ಅವನ್ನು ಬಿಟ್ಟು ಕಟ್ಟೆಗೆ ಬಗ್ಗಿ ಕೆಳಗಿನ ನೀರನ್ನು ನೋಡಿದಳು. ಆ ಬದಿಗೆ ಹೋಗಿ ಅಲ್ಲೂ ಬಗ್ಗಿ ನೋಡಿದಳು. ಆಮೇಲೆ ನೆಟ್ಟಗೆ ನಿಂತು ಕರವಸ್ತ್ರದಿಂದ ಕೈ ಒರೆಸಿಕೊಂಡಳು.

"ಅವನು ಈ ಊರಿಗೆ ಬಂದೇ ಇಲ್ಲ ಕಣೆ," ಎಂದಳು.

ನನ್ನ ಗಂಡ ಬದುಕಿದ್ದು ಇಂಥದ್ದು ಮಾಡಿದ್ದರೆ ಆ ಸೇತುವೆಯ ಮೇಲೆಯೇ ರಂಪ ಮಾಡುತ್ತಿದ್ದೆ. ಇವಳು ಕರವಸ್ತ್ರ ಮಡಿಸಿಟ್ಟು ಬಸ್ಸಿನ ಕಡೆ ಹೊರಟಳು. ಬಸ್ಸಿನ ಬಳಿ ವೆಂದೆಲಣ್ಣ ಕಾಯುತ್ತಿದ್ದ. ಏನೇನು ನೋಡಿದೆ ಎಂದು ಕೇಳುವಾಗ ಅವನ ಮುಖ ಮಿಠಾಯಿ ಅಂಗಡಿಯ ಮುಂದೆ ನಿಂತ ಮಗುವಿನ ಮುಖದಂತಿತ್ತು. ಅವಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಕಂಡದ್ದನ್ನು ಕಂಡ ಹಾಗೆ. ಗಡಿಯಾರ ಹಾಡಲಿಲ್ಲ ಎಂಬುದೊಂದನ್ನು ಮಾತ್ರ ಬಾಯಿಬಿಡಲಿಲ್ಲ. ಅವತ್ತಿನಿಂದ ಆ ಹೆಂಗಸಿನ ಮೇಲಿನ ನನ್ನ ಗೌರವ ಒಂದು ಕೈ ಹೆಚ್ಚಾಯಿತು.

ಕ್ರಾಕೋವಿನಲ್ಲಿ ರೋಜಕ್ಕ ಗುಂಪಿನ ಜೊತೆ ಹೋಗಲಿಲ್ಲ. ಇವತ್ತು ನಾನೂ ನಿನ್ನ ಜೊತೆ ಇಲ್ಲೇ ಇರ್ತೀನಿ, ನೀನು ನೋಡಿದ ಊರನ್ನೇ ನನಗೂ ತೋರಿಸು ಎಂದಳು. ಹೊಸ ಬೂಟು ಕಚ್ಚಿ ಕಾಲು ಗುಳ್ಳೆಯೆದ್ದಿದ್ದರಿಂದ ನಾನೂ ಉಳಿದೆ. ವೆಂದೆಲಣ್ಣ ತಬ್ಬಿಬ್ಬಾದ. ಇಲ್ಲಿ ತೋರಿಸುವುದಕ್ಕೆ ಏನಿದೆ, ಬಸ್ಸು ನಿಲ್ಲಿಸುವ ಬಯಲು, ಗೋಡೆ, ನಾಲ್ಕು ಮರ ಎಂದು ಗೊಣಗಿದ. ಆದರೂ ಮುಂದೆ ಮುಂದೆ ನಡೆದ. ಬಯಲಿನ ಕೊನೆಯಲ್ಲಿ ತಗಡಿನ ಮಾಡಿನ ಸಣ್ಣದೊಂದು ಸೂಪಿನ ಅಂಗಡಿ. ಬೀಟ್‌ರೂಟ್ ಸೂಪಿನ ಹುಳಿ ವಾಸನೆ. ಒಳಗಿದ್ದ ದಪ್ಪನೆಯ ಪೋಲಿಷ್ ಹೆಂಗಸು ತಲೆಯೆತ್ತಿ ನೋಡಿ, ಸೌಟು ಹಿಡಿದುಕೊಂಡೇ ಹೊರಬಂದಳು. ಬ್ರೋನಿಸ್ಲಾವಾ ಎಂದು ಅವಳ ಹೆಸರು. ಅವಳ ಮಾತು ಅರ್ಧ ಮುರುಕು ಜರ್ಮನ್, ಇನ್ನರ್ಧ ಕೈಸನ್ನೆ. ನಮಗೆಲ್ಲ ಚೆನ್ನಾಗಿಯೇ ತಿಳಿಯಿತು.

"ವೆಂದೆಲ್, ನೀನು ಸತ್ತೇ ಹೋದೆ ಅಂದ್ಕೊಂಡಿದ್ದೆ. ಒಂದು ಸಲ ಹಾಡಿ ಅತ್ತೂ ಆಯ್ತು. ಈಗ ಬಂದ್ಯಾ?" ಎಂದವಳು ಪಕ್ಕಕ್ಕೆ ತಿರುಗಿ ನಿಂತುಬಿಟ್ಟಳು. "ತಡಿ. ಇವಳು ರೋಜಿ ಅಲ್ವಾ?"

ರೋಜಕ್ಕ ಬಾಯಿಬಿಡುವ ಮೊದಲೇ ಬ್ರೋನಿಸ್ಲಾವಾ ಅವಳನ್ನು ಎದೆಗವಚಿಕೊಂಡಳು. ಹೆಗಲು ನೋವು ಹೇಗಿದೆ ಎಂದು ಕೇಳಿದಳು. ಸೆಗೆದ್‌ನ ತಂಗಿಗೆ ಕೊನೆಗೂ ಮಗುವಾಯಿತಾ ಎಂದು ಕೇಳಿದಳು. ಆ ತಂಗಿಯ ಮಗನಿಗೆ ಆಗಲೇ ಮೀಸೆ ಬಂದಿತ್ತು. ಮರದ ಕೆಳಗೆ ಇಸ್ಪೀಟು ಆಡುತ್ತಿದ್ದ ಬಸ್ಸು ಚಾಲಕರಲ್ಲಿ ಇಬ್ಬರು ಹಳಬರು ಎದ್ದು ಬಂದರು. ಅವರಿಗೂ ಅವಳ ಹೆಸರು ಗೊತ್ತು. ಶಾವಿಗೆಯ ರೋಜಿ ಎಂದರು. ಅವಳು ಕಟ್ಟಿಕೊಡುತ್ತಿದ್ದ ಶಾವಿಗೆ ಈ ಬಯಲಿನ ಎಷ್ಟೋ ತಟ್ಟೆಗಳಿಗೆ ಬಿದ್ದಿತ್ತು. ಪ್ರಾಗಿನ ಗ್ಯಾರೇಜಿನಲ್ಲಿ, ವಿಯೆನ್ನಾದ ಪೆಟ್ರೋಲ್ ಬಂಕಿನ ಹಿಂದೆಯೂ ಹಾಗೆಯೇ ಅಂತೆ.

"ದಾರಿಯಲ್ಲಿ ಬೇಯಿಸ್ಕೊಂಡು ತಿನ್ತೀನಿ ಅಂತ ತಗೊಂಡು ಹೋಗಿ, ಊರೂರಿಗೆ ಹಂಚಿ ಬರ್ತಿದ್ಯಾ?" ಎಂದಳು ರೋಜಕ್ಕ.

"ಒಬ್ಬನೇ ಎಷ್ಟು ತಿನ್ಲಿ? ತಿನ್ನೋವಾಗ ಇದು ಯಾರು ಮಾಡಿದ್ದು ಅಂತ ಕೇಳೋರು. ಹೇಳ್ತಿದ್ದೆ."

ಸೂಪು ಕುಡಿಯುತ್ತಾ ಕೂತೆವು. ಮನೆಗಳ ಮಾಡಿನಾಚೆಯಿಂದ ಕಹಳೆಯ ದನಿ ಕೇಳಿಸಿತು. ಅಲ್ಲಿಯ ದೊಡ್ಡ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಊದುತ್ತಾರೆ. ಅರ್ಧಕ್ಕೆ ನಿಲ್ಲುತ್ತೆ ನೋಡು ಎಂದು ವೆಂದೆಲಣ್ಣ ಬೆರಳೆತ್ತಿದ. ರಾಗ ನಡುವಿನಲ್ಲೇ ಕಡಿದುಹೋಯಿತು.

"ಇದು ನೀನೇ ಕೇಳಿದ್ದು," ಎಂದಳು ರೋಜಕ್ಕ. "ಮಿಕ್ಕಿದ್ದು?"

ಅವನು ಬಟ್ಟಲು ಕೆಳಗಿಟ್ಟ. "ಮಿಕ್ಕಿದ್ದು ಜನ ಬಸ್ಸು ಹತ್ತೋವಾಗ ಆಡ್ಕೊಳ್ತಿದ್ದ ಮಾತು. ಅರ್ಧ ಕೇಳಿಸ್ತಿತ್ತು. ಇನ್ನರ್ಧ ನಾನು ಸೇರಿಸ್ತಿದ್ದೆ. ನೀನು ಲಟ್ಟಿಸೋದು ಬಿಟ್ಟು ಕೇಳ್ತಾ ನಿಂತಿರ್ತಿದ್ದೆ. ನಾನೇನೂ ನೋಡ್ಲಿಲ್ಲ ಅಂತ ಹೇಳೋಕೆ ಬಾಯೇ ಬರ್ತಿರ್ಲಿಲ್ಲ."

"ಇಳಿದು ಹೋಗ್ಬೇಡ ಅಂತ ಯಾರಾದ್ರೂ ಕಟ್ಟಿಹಾಕಿದ್ರಾ?"

ಆಗ ಅವನು ವಿಯೆನ್ನಾದ ಕಥೆ ಹೇಳಿದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ, ಒಂದೇ ಒಂದು ಸಲ, ಅವನು ಬಸ್ಸು ಬಿಟ್ಟು ಊರೊಳಗಿನ ದೊಡ್ಡ ಚರ್ಚಿಗೆ ಹೋಗಿದ್ದ. ಒಳಗೆ ಆರ್ಗನ್ ನುಡಿಯುತ್ತಿತ್ತು. ಬಾಗಿಲ ಬಳಿಯ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನಿಂತು ಕೇಳಿದ. ಹಿಂದಿರುಗಿದಾಗ ಬಸ್ಸಿನ ಹಿಂಬದಿಯಲ್ಲಿ ಇಬ್ಬರ ಸಾಮಾನು ಇರಲಿಲ್ಲ. ಹೊಸದಾಗಿ ಮದುವೆಯಾದ ಜೋಡಿ. ಆ ಕಡೆಯ ದೇಶದಲ್ಲೇ ಉಳಿದುಕೊಂಡಿತು. ಊರಿಗೆ ಬಂದ ಮೇಲೆ ಪೊಲೀಸರು ಇವನನ್ನು ಕೂರಿಸಿ ಕೂರಿಸಿ ಕೇಳಿದರು. ಬಸ್ಸಿನ ಬಳಿ ನೀನು ಯಾಕೆ ಇರಲಿಲ್ಲ? ಎಷ್ಟು ಹಣ ಕೊಟ್ಟರು? ಪಾಸ್‌ಪೋರ್ಟು ಕಿತ್ತುಕೊಂಡರು. ಬಹಳ ಕಾಲ ಅವನು ನಮ್ಮೂರಿನಿಂದ ಸಕ್ಕರೆ ಕಾರ್ಖಾನೆಗೆ ಕೆಲಸಗಾರರನ್ನು ಸಾಗಿಸುವ ಬಸ್ಸು ಓಡಿಸಿದ. ಆ ದಿನಗಳು ರೋಜಕ್ಕನಿಗೆ ಗೊತ್ತಿದ್ದವು. ಕಾರಣ ಚರ್ಚು ಎಂಬುದು ಗೊತ್ತಿರಲಿಲ್ಲ.

ಮತ್ತೆ ಹೊರದೇಶದ ಬಸ್ಸು ಸಿಕ್ಕಿದಾಗ ಅವನು ಬಯಲು ಬಿಟ್ಟು ಆಚೆ ಹೋಗಲಿಲ್ಲ. ಮೊದಮೊದಲು ಹೆದರಿಕೆ. ಆಮೇಲೆ ಹೆದರಿಕೆ ಹೋಯಿತು, ಕಾಲು ಏಳುವುದೂ ಹೋಯಿತು. ಆ ಜೋಡಿಯ ಮೇಲೆ ಸಿಟ್ಟಿದೆಯಾ ಎಂದು ನಾನು ಕೇಳಿದೆ. ಅವನು ಅಚ್ಚರಿಯಿಂದ ನನ್ನನ್ನು ನೋಡಿದ. ಆ ಹುಡುಗಿ ಸಾಮಾನಿನ ಜೊತೆಗೆ ಒಂದು ಗರಿದಿಂಬು ತಂದಿದ್ದಳಂತೆ. ಅದನ್ನೂ ಕೊಂಡೊಯ್ದರಲ್ಲ, ಸದ್ಯ ಎಂದ.

ವಿಯೆನ್ನಾದಲ್ಲಿ ಬಸ್ಸು ನಿಂತಿತು. ವೆಂದೆಲಣ್ಣ ಮತ್ತೆ ಟೈರಿನ ಕಡೆ ನಡೆದ. ರೋಜಕ್ಕ ಹೋಗಿ ಅವನ ತೋಳು ಹಿಡಿದಳು.

"ಇವತ್ತು ಬಸ್ಸು ನಿಂದಲ್ಲ, ಒಟ್ಟೋದು. ಓಡಿಹೋಗೋರೂ ಯಾರೂ ಇಲ್ಲ, ಎಲ್ಲಾ ಮಂಡಿನೋವಿನವರು. ಓಡಿಹೋಗೋದಿದ್ರೆ ನಾವಿಬ್ರೇ ಓಡಿಹೋಗೋಣ ಬಾ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವನ ಕಿವಿ ಕೆಂಪಾಯಿತು. ಆದರೂ ಹೋದ, ಮೂಲೆ ತಿರುಗುವ ತನಕ ಹಿಂದಕ್ಕೆ ನೋಡುತ್ತಲೇ ಹೋದ.

ಹೊರಡುವ ಹೊತ್ತಾಯಿತು. ಎಲ್ಲರೂ ಬಂದರು, ಅವರಿಬ್ಬರು ಬರಲಿಲ್ಲ. ಒಟ್ಟೋ ಗಡಿಯಾರ ನೋಡಿದ. ಯಾರೋ ತಮಾಷೆಗೆ, ನಿಜವಾಗಿಯೂ ಓಡಿಹೋದರು ಎಂದರು. ಇನ್ನಷ್ಟು ಹೊತ್ತಾದಾಗ ತಮಾಷೆ ನಿಂತಿತು. ನಾನಂತೂ ಗಾಬರಿಯಾಗಿ ರಸ್ತೆಯ ತುದಿಯವರೆಗೆ ಹೋಗಿ ಬಂದೆ. ಒಟ್ಟೋ ಪೊಲೀಸರಿಗೆ ಹೇಳುವುದೋ ಬೇಡವೋ ಎಂದು ಒದ್ದಾಡುತ್ತಿದ್ದಾಗ ಇಬ್ಬರೂ ಬಂದರು. ಅವಳು ಮುಂದೆ, ಅವನು ಅವಳ ಹೆಗಲಿಗೆ ಕೈಯಿಟ್ಟು ಕುಂಟುತ್ತಾ ಹಿಂದೆ. ಇಬ್ಬರ ಕೋಟಿಗೂ ಗೋಡೆಯ ಧೂಳು.

ಆದದ್ದು ಇಷ್ಟು. ಚರ್ಚಿನೊಳಗೆ ಹೋದರು. ಅವನು ಅವತ್ತು ಒರಗಿದ್ದ ಕಂಬ ಯಾವುದೆಂದು ಗುರುತು ಹತ್ತಲಿಲ್ಲ. ರೋಜಕ್ಕ ಬಾಗಿಲಿಂದ ಬಲಿಪೀಠದ ದೀಪದವರೆಗೂ ಅವನನ್ನು ನಡೆಸಿದಳು, ಎಲ್ಲ ಬೆಂಚುಗಳಲ್ಲೂ ಕೂರಿಸಿದಳು. ಅಷ್ಟಕ್ಕೇ ಅವನಿಗೆ ತೃಪ್ತಿಯಾಗಲಿಲ್ಲ. ಗೋಪುರ ಹತ್ತಬಹುದಂತೆ ಎಂದು ತಾನೇ ಹೊರಟ. ಸುರುಳಿ ಮೆಟ್ಟಿಲು, ಇಬ್ಬರು ಎದುರಾದರೆ ಗೋಡೆಗೆ ಅಂಟಿಕೊಳ್ಳಬೇಕು. ಹತ್ತಿದರು. ಮೇಲಿನ ಕಿಟಕಿಯಲ್ಲಿ ಇಡೀ ಊರು ಕಂಡಿತು. ಬಸ್ಸು ನಿಲ್ಲಿಸುವ ಜಾಗ ಎಲ್ಲಿ ಎಂದು ಮೊದಲು ಹುಡುಕಿದ, ಸಿಗಲಿಲ್ಲ. ಆಮೇಲೆ ಹುಡುಕುವುದನ್ನು ಬಿಟ್ಟ. ಒಂದೊಂದು ಕಿಟಕಿಗೂ ಹೋಗಿ ನೋಡಿದ, ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನದಕ್ಕೆ ಬಂದ. ಇಳಿಯುವಾಗ ಮೊಣಕಾಲು ನಿಜವಾಗಿಯೂ ಹಿಡಿದುಕೊಂಡಿತು. ಕೂತು ಕೂತು, ಒಂದೊಂದೇ ಮೆಟ್ಟಿಲು ಜಾರಿ ಇಳಿದರು.

ಕಾಯಿಸಿದ್ದಕ್ಕೆ ಒಟ್ಟೋನ ಕ್ಷಮೆ ಕೇಳಲು ಅವನು ಟೋಪಿ ತೆಗೆದ. ತನ್ನ ಜೀವಮಾನದಲ್ಲಿ ಬಸ್ಸಿಗೆ ತಡವಾಗಿ ಬಂದವರನ್ನು ಕಂಡರೆ ಉರಿದುಬೀಳುತ್ತಿದ್ದ ಮನುಷ್ಯ. ಒಟ್ಟೋ ಬಾಗಿಲು ತೆರೆದ.

ಆ ವರ್ಷದಿಂದ ಅವರಿಬ್ಬರೂ ಮನೆಯಲ್ಲಿ ನಿಲ್ಲುವುದು ಕಡಿಮೆಯಾಯಿತು. ವಸಂತಕ್ಕೊಂದು, ದ್ರಾಕ್ಷಿ ಕೊಯ್ಲು ಮುಗಿದ ಮೇಲೊಂದು ಪ್ರವಾಸ. ಪಾದುವಾ ನೋಡಿ ಬಂದರು. ತೊರೂನ್, ಲ್ಯುಬ್ಲಿಯಾನಾ ನೋಡಿ ಬಂದರು. ಹೋಗುವುದು ರೈಲಿನಲ್ಲಿ, ಆದರೆ ಯಾವ ಊರಿಗೆ ಹೋದರೂ ಮೊದಲು ಬಸ್ಸು ನಿಲ್ಲುವ ಬಯಲಿಗೆ ಹೋಗಿ, ಅಲ್ಲಿ ಅಡುಗೆ ಮಾಡುವವರು ಯಾರೆಂದು ವಿಚಾರಿಸಿ, ಒಂದು ಪೊಟ್ಟಣ ಶಾವಿಗೆ ಕೊಟ್ಟ ಮೇಲೆಯೇ ಊರೊಳಗೆ ಕಾಲಿಡುತ್ತಾರೆ. ಆ ಪದ್ಧತಿ ಹಾಕಿದವಳು ರೋಜಕ್ಕ. ಒಂದು ಚಳಿಗಾಲ ಬ್ರೋನಿಸ್ಲಾವಾ ಬಾಯಾಕ್ಕೆ ಬಂದು ಅವರ ಮನೆಯಲ್ಲಿ ಇದ್ದು ಹೋದಳು. ನಮ್ಮ ಸಾರು ಖಾರ ಎಂದು ಕಣ್ಣಲ್ಲಿ ನೀರು ಹಾಕಿಕೊಂಡೇ ಎರಡು ಸಲ ಹಾಕಿಸಿಕೊಂಡಳು.

ಈಗ ಇಬ್ಬರಿಗೂ ಎಂಬತ್ತರ ಹತ್ತಿರ. ಹೋದ ಶುಕ್ರವಾರ ಝದಾರ್‌ಗೆ ಹೊರಟರು, ಸಮುದ್ರದ ದಂಡೆಯ ಹಳೆಯ ಊರು. ಪೆಟ್ಟಿಗೆ ಹಿಡಿದು ಸ್ಟೇಷನ್ನಿನವರೆಗೂ ನಾನು ಹೋಗಿದ್ದೆ. ರೈಲು ಬರುವ ಮೊದಲೇ ಅವರಿಬ್ಬರೂ ಅಲ್ಲಿ ಏನು ಮೊದಲು ನೋಡುವುದೆಂದು ಜಗಳ ಶುರುಮಾಡಿದ್ದರು. ರೈಲು ಹೊರಟಾಗಲೂ ಅದು ಮುಗಿದಿರಲಿಲ್ಲ. ಕಿಟಕಿಯ ಗಾಜಿನಾಚೆ ಇಬ್ಬರ ಕೈಗಳೂ ಆಡುತ್ತಿದ್ದವು.